ಚೀನಾದ ಮೂರು ಒಗಟು, ಮಲ್ಲರಸ ಪಂಡಿತರ ಒಂದು ತಲೆ

"ಕೇಳಿರಪ್ಪಾ ಕೇಳಿ! ಕುಂದಣಪುರದ ಮಹಾರಾಜ ವಜ್ರಬಾಹುವಿನ ಅಪ್ಪಣೆ! ವಿದ್ಯಾಪೀಠದಲ್ಲಿ ಚೀನಾ ದೇಶದ ಚರಿತ್ರೆ, ಸಂಸ್ಕೃತಿ ಓದಿದವರಿಗೆಲ್ಲ ನಾಳೆ ಅರಮನೆಯಲ್ಲಿ ಪರೀಕ್ಷೆ. ರಾಜಕುಮಾರಿ ಮಂದಾರಮಾಲೆ ಮೂರು ಒಗಟು ಕೇಳುವಳು. ಮೂರನ್ನೂ ಬಿಡಿಸಿದವನೇ ಚೀನಾಕ್ಕೆ ನಮ್ಮ ರಾಯಭಾರಿ. ಒಬ್ಬನೂ ಬಿಡಿಸದಿದ್ದರೆ ಪಾಠ ಹೇಳಿದ ಪಂಡಿತರ ತಲೆ ಹೋಗುವುದು!"

ಊಟಕ್ಕೆ ಕುಳಿತಿದ್ದ ಮಲ್ಲರಸ ಪಂಡಿತರು ಡಂಗುರ ಕೇಳಿ, ಎತ್ತಿದ ತುತ್ತನ್ನು ಎಲೆಗೇ ಇಳಿಸಿದರು. ಆ ಪಾಠ ಹೇಳಿದ ಪಂಡಿತರು ಊರಿಗೆ ಅವರೊಬ್ಬರೇ. ಹಿಂದೆ ಹೋಗಿದ್ದ ರಾಯಭಾರಿ ಚೀನಾದ ಚಕ್ರವರ್ತಿಯ ಎದುರು ಏನೊಂದೂ ತಿಳಿಯದೆ ಬೆಪ್ಪನಂತೆ ನಿಂತು ಬಂದಿದ್ದ. ಆ ಅವಮಾನ ರಾಜನಿಗೆ ಇನ್ನೂ ಆರಿರಲಿಲ್ಲ. ತಪ್ಪು ಮಾಡುವವರು ಹುಡುಗರು, ತಲೆ ಮಾತ್ರ ಮೇಷ್ಟರದು. ಅರಮನೆಯ ನ್ಯಾಯ ಯಾವತ್ತೂ ಹಾಗೇ ತಾನೇ!

ಮರುದಿನ ಪಂಡಿತರನ್ನು ಒಳಸಭೆಯ ಕಂಬದ ಪಕ್ಕ ನಿಲ್ಲಿಸಿದರು. ಕಂಬದ ಇನ್ನೊಂದು ಪಕ್ಕದಲ್ಲಿ ಕತ್ತಿ ಹಿಡಿದ ತಳವಾರ. ಪಂಡಿತರು ತುಟಿ ಬಿಚ್ಚುವಂತಿಲ್ಲ, ಕಣ್ಸನ್ನೆ ಮಾಡುವಂತಿಲ್ಲ. ಹುಡುಗರು ಹೊರಗೆ ಕಾಯಬೇಕು, ಒಬ್ಬೊಬ್ಬರಾಗಿ ಬರಬೇಕು, ತಪ್ಪಿದವರು ಹಿಂಬಾಗಿಲಿನಿಂದ ಹೋಗಬೇಕು.

ಮೊದಲು ಬಂದವನು ಸೇನಾಪತಿಯ ಮಗ ರಣಧವಳ. ರಾಜಕುಮಾರಿ ಕೇಳಿದಳು: "ಹಸಿರು ತಿಂದು ಹೊಳಪು ಉಗುಳುತ್ತಾಳೆ. ತಾನು ಕಟ್ಟಿದ ಮನೆಯೊಳಗೇ ಸಾಯುತ್ತಾಳೆ. ಆ ಮನೆ ಬಿಚ್ಚಿ ರಾಣಿಯರು ಮೈಗೆ ಸುತ್ತಿಕೊಳ್ಳುತ್ತಾರೆ. ಯಾರವಳು?"

"ಜೇಡ!" ಎಂದ ರಣಧವಳ, ಕೋಟೆ ಗೆದ್ದವನಂತೆ.

ಪಂಡಿತರಿಗೆ ಅಳು ಬರುವುದೊಂದು ಬಾಕಿ. ಜೇಡ ಎಂದಾದರೂ ಸೊಪ್ಪು ತಿಂದದ್ದುಂಟೇ?

ಮುಂದೆ ಬಂದ ಕೆಲವರು ಒಂದನೆಯದನ್ನು ದಾಟಿದರು. ಆಗ ಎರಡನೆಯದು ಎದುರಾಯಿತು: "ಆ ದೇಶದಲ್ಲಿ ಬಡಗಣದವನ ಮಾತು ತೆಂಕಣದವನಿಗೆ ತಿಳಿಯದು. ಆದರೂ ಒಬ್ಬ ಮೂಗ ಇಬ್ಬರಿಗೂ ಅರ್ಥವಾಗುವಂತೆ ಹೇಳುತ್ತಾನೆ. ಯಾರವನು?" ಒಬ್ಬ ಚಕ್ರವರ್ತಿಯ ಕತ್ತಿ ಎಂದ. ಇನ್ನೊಬ್ಬ ನಗಾರಿ ಎಂದ. ಮತ್ತೊಬ್ಬ ಹಸಿವು ಎಂದಾಗ ರಾಜಕುಮಾರಿ ತಲೆದೂಗಿ, "ಉತ್ತರ ಚೆನ್ನಾಗಿದೆ, ಆದರೆ ಅದು ಎಲ್ಲ ದೇಶಕ್ಕೂ ಸಲ್ಲುತ್ತದೆ" ಎಂದು ಅವನನ್ನೂ ಕಳಿಸಿಬಿಟ್ಟಳು. ತಳವಾರ ಹೆಬ್ಬೆರಳಿನಿಂದ ಕತ್ತಿಯ ಬಾಯಿ ಸವರಿ ನೋಡಿದ.

ಕೊನೆಗೆ ಮಂತ್ರಿಯ ಮಗ ಉದಯಭಾನು ಬಂದ. ತರಗತಿಗೇ ಮೊದಲಿಗ, ಪಂಡಿತರ ಕಣ್ಮಣಿ. ಎರಡು ಒಗಟನ್ನೂ ಪಟಪಟನೆ ಬಿಡಿಸಿದ. ಪಂಡಿತರಿಗೆ ಹೋದ ಜೀವ ಬಂದಂತಾಯಿತು.

"ಮೂರನೆಯದು," ಎಂದಳು ರಾಜಕುಮಾರಿ. "ಬರೆದವನು ತನ್ನ ಹೆಸರು ಹಾಕಿರುತ್ತಾನೆ, ಆದರೆ ಆ ಹೆಸರನ್ನು ಮುಚ್ಚಿ ಅಂಟಿಸುತ್ತಾರೆ. ಬರೆದದ್ದು ಅವನ ಕೈ, ಆದರೆ ಗುರುತಿಲ್ಲದ ಇನ್ನೊಂದು ಕೈ ಅದನ್ನೆಲ್ಲ ನಕಲು ಮಾಡುತ್ತದೆ. ಹಿರಿಯರು ಆ ನಕಲನ್ನೇ ಓದುತ್ತಾರೆ. ಏನದು? ಯಾಕೆ ಹಾಗೆ?"

ಉದಯಭಾನು ಹಣೆ ಒರೆಸಿಕೊಂಡ. "ಗೂಢಚಾರನ ಪತ್ರ. ಶತ್ರುವಿನ ಕೈಗೆ ಸಿಕ್ಕರೆ ಯಾರದೆಂದು ತಿಳಿಯಬಾರದು."

"ಅಲ್ಲ."

ಪಂಡಿತರು ಕಂಬಕ್ಕೆ ಒರಗಿದರು. ತಳವಾರ ರಟ್ಟೆ ಹಿಡಿದು ನಿಲ್ಲಿಸಿ, "ಸುಮ್ನಿರಿ ಸ್ವಾಮಿ, ಹೆಚ್ಚು ಹೊತ್ತು ಆಗಲ್ಲ" ಎಂದು ಸಮಾಧಾನ ಹೇಳಿದ.

"ಎಲ್ಲರೂ ಆದರೇ?" ಎಂದ ರಾಜ.

ಪಂಡಿತರು ಹೌದೆಂದು ತಲೆಯಾಡಿಸುವುದರಲ್ಲಿದ್ದರು. ಅಷ್ಟರಲ್ಲಿ ಬಾಗಿಲವನು, "ಇನ್ನೊಬ್ಬ ಇದ್ದಾನೆ, ಬುದ್ಧೀ. ಕೇತ ಅಂತೆ" ಎಂದ.

ಕೇತ! ಛತ್ರದಲ್ಲಿ ಉಂಡು, ಹಿಂದಿನ ಸಾಲಿನಲ್ಲಿ ಕೂತು, ವರ್ಷವಿಡೀ ಬಾಯಿ ಬಿಡದ ಹುಡುಗ. ಪಂಡಿತರು ಮನಸ್ಸಿನಲ್ಲೇ ಹೆಂಡತಿ ಮಕ್ಕಳಿಗೆ ವಿದಾಯ ಹೇಳಿಕೊಂಡರು.

ಮೊದಲ ಒಗಟು ಕೇಳಿ ಕೇತ ಕೈ ಮುಗಿದ. "ರೇಷ್ಮೆಹುಳು, ತಾಯಿ. ಹಿಪ್ಪುನೇರಳೆ ಸೊಪ್ಪು ತಿಂದು ಗೂಡು ಕಟ್ತದೆ. ಗೂಡನ್ನ ಬಿಸಿನೀರಿಗೆ ಹಾಕಿ ನೂಲು ತೆಗೀತಾರೆ."

ಎರಡನೆಯದಕ್ಕೆ ಅವನು ಅಂಗೈ ಮೇಲೆ ಬೆರಳಿನಿಂದ ಏನೋ ಗೀಚಿ ನೋಡಿಕೊಂಡ. "ಅವರ ಬರವಣಿಗೆ, ತಾಯಿ. ಬೆಟ್ಟ ಅಂತ ಬರೆದರೆ ಒಂದೊಂದು ಸೀಮೆಯವರು ಒಂದೊಂದು ಥರ ಓದ್ತಾರೆ. ತಿಳ್ಕೊಳ್ಳೋದು ಮಾತ್ರ ಎಲ್ಲರೂ ಬೆಟ್ಟ ಅಂತಲೇ."

ಮೂರನೆಯದು ಬಂತು. ಪಂಡಿತರು ಕಣ್ಣು ಮುಚ್ಚಿದರು.

"ಪರೀಕ್ಷೆಯ ಉತ್ತರ," ಎಂದ ಕೇತ. "ಅಧಿಕಾರಿ ಆಗೋಕೆ ಬರೆಯೋ ಪರೀಕ್ಷೆ. ಹೆಸರು ಕಂಡರೆ ಇಂಥವರ ಮಗ ಅಂತ ಮುಲಾಜು ಬರ್ತದೆ. ಹೆಸರು ಮುಚ್ಚಿದರೂ ಅಕ್ಷರ ನೋಡಿ ಗುರುತು ಹಿಡೀಬಹುದು. ಅದಕ್ಕೇ ಗುಮಾಸ್ತರ ಕೈಲಿ ನಕಲು ಮಾಡಿಸ್ತಾರೆ. ಆಮೇಲೆ ಓದೋರಿಗೆ ಬರೆದದ್ದು ಬಿಟ್ಟು ಬೇರೇನೂ ಕಾಣಲ್ಲ. ನಮ್ಮ ಗುರುಗಳೇ ಹೇಳಿದ ಪಾಠ."

"ಸರಿ!" ಎಂದಳು ರಾಜಕುಮಾರಿ. "ಮೂರೂ ಸರಿ!"

ತಳವಾರ ಕತ್ತಿಯನ್ನು ಒರೆಗೆ ಸೇರಿಸಿದ. ಪಂಡಿತರು ಕುತ್ತಿಗೆ ಮುಟ್ಟಿ ನೋಡಿಕೊಂಡು ಮಗುವಿನ ಹಾಗೆ ಅತ್ತುಬಿಟ್ಟರು. ರಾಜ ಸಿಂಹಾಸನದಿಂದ ಇಳಿದು ಬಂದು ತನ್ನ ಮುದ್ರೆಯುಂಗುರವನ್ನು ಕೇತನ ಬೆರಳಿಗೆ ತೊಡಿಸಿದ. "ನೀನೇ ನಮ್ಮ ರಾಯಭಾರಿ. ಹಡಗು ಸಿದ್ಧವಿದೆ. ಇನ್ನೇನು ಬೇಕು, ಕೇಳು."

ಕೇತ ನೆಲ ನೋಡಿದ. "ವರ್ಷದ ಕೊನೆಗೆ ನಾವೆಲ್ಲ ಉತ್ತರ ಬರೆದು ಗುರುಗಳಿಗೆ ಕೊಟ್ಟಿದ್ವಿ, ಪ್ರಭು. ನನ್ನ ಅಕ್ಷರ ಕಾಗೆ ಕಾಲಿನ ಥರ. ಮೇಲಿನ ಗರಿಯ ಅಕ್ಷರ ಕಂಡೇ ಇರಬೇಕು, ನನ್ನ ಓಲೆಯ ದಾರ ಬಿಚ್ಚದೇನೇ ವಾಪಸ್ ಬಂತು. ಅದನ್ನ ಯಾರ ಕೈಲಾದರೂ ನಕಲು ಮಾಡಿಸಿಕೊಡಿ. ಗುರುಗಳು ಒಂದು ಸಲ ಓದಲಿ."

ಕತ್ತಿಯ ಪಕ್ಕ ನಿಂತಾಗಲೂ ಆಗದಷ್ಟು ಸಂಕಟ ಮಲ್ಲರಸ ಪಂಡಿತರಿಗೆ ಈಗ ಆಯಿತು. ಆ ಪಾಠವನ್ನು ಅವರು ಎಷ್ಟು ಸೊಗಸಾಗಿ ಹೇಳಿದ್ದರು!

ರಾಜ ಗುಮಾಸ್ತನನ್ನು ಕರೆಯಲು ಕೈಯೆತ್ತಿದ.

"ಗುಮಾಸ್ತ ಬೇಡ, ಪ್ರಭು," ಎಂದರು ಪಂಡಿತರು. "ಎಲ್ಲಿ ಕೇತಾ, ನಿನ್ನ ಓಲೆ ಕೊಡು."

ಕೇತ ಸೊಂಟದಿಂದ ಓಲೆ ತೆಗೆದುಕೊಟ್ಟ. ಪಂಡಿತರು ತುಂಬಿದ ಸಭೆಯಲ್ಲಿ ನೆಲದ ಮೇಲೆ ಕೂತು ದಾರ ಬಿಚ್ಚಿದರು. ಓಲೆಯನ್ನು ಕಣ್ಣಿನ ಹತ್ತಿರ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿಕೊಂಡು, ಗಟ್ಟಿಯಾಗಿ ಓದತೊಡಗಿದರು. ಅವರು ಓದಿ ಮುಗಿಸುವವರೆಗೆ ರಾಜನೂ ನಿಂತೇ ಇದ್ದ.