ಬಂದೆ ಎನ್ನುವ ಗಿಳಿ

"ಗುರುಗಳೇ, ನಾನು ಎಲ್ಲರಿಗೂ ಬೇಕಾದವಳು. ಆದರೂ ಯಾರೂ ಇಲ್ಲದವಳ ಹಾಗೆ ಅನ್ನಿಸುತ್ತದಲ್ಲ, ಯಾಕೆ?"

ಕೇಳಿದವಳು ಸರ್ವಮಂಗಳ. ಆಸ್ಪತ್ರೆಯಲ್ಲಿ ದಾದಿ. ಊರಿಗೆಲ್ಲ ಅವಳು ಸಿಸ್ಟರು. ಕೇಳಿಸಿಕೊಂಡವರು ಮರುಳಯ್ಯ. ಮಠದಲ್ಲಿ ಸಂಜೆ ಪುರಾಣ ಹೇಳುವವರು. ಜನ ಪುರಾಣಕ್ಕೆ ಬರುತ್ತಿದ್ದರೋ ಅವರ ಸುಳ್ಳಿಗೆ ಬರುತ್ತಿದ್ದರೋ, ಮಠಕ್ಕೂ ತಿಳಿಯದು. ಪುರಾಣ ಮುಗಿಸಿ ಅವರು ಎದುರಿನ ಹೋಟೆಲಿನ ಬೆಂಚಿನ ಮೇಲೆ ಕೂರುವರು. ಸಂದೇಹ ಇದ್ದವರು ಅಲ್ಲಿಗೇ ಬರಬೇಕು.

"ಈ ಪ್ರಶ್ನೆಗೆ ಉತ್ತರ ಬಲ್ಲವನು ಮೂರು ಲೋಕದಲ್ಲಿ ನಾನೊಬ್ಬನೇ," ಎಂದರು ಮರುಳಯ್ಯ. "ಹಿಮಾಲಯದಲ್ಲಿ ಹನ್ನೆರಡು ವರ್ಷ ಒಂಟಿ ಕಾಲಿನ ಮೇಲೆ ನಿಂತು ಸಂಪಾದಿಸಿದ್ದು."

ಒಂದು ಗುಟುಕು ಟೀ ಕುಡಿದರು.

"ಸುಳ್ಳು. ಹಿಮಾಲಯ ನೋಡಿದ್ದು ಕ್ಯಾಲೆಂಡರಿನಲ್ಲಿ. ಒಂಟಿ ಕಾಲಿನ ಮೇಲೆ ನಿಂತದ್ದು ತಿಪಟೂರಿನ ಬಸ್ಸಿನಲ್ಲಿ. ಇನ್ನೊಂದು ಕಾಲು ಊರಲು ಒಬ್ಬಾಕೆಯ ಬುಟ್ಟಿ ಜಾಗ ಕೊಡಲಿಲ್ಲ. ಅದಿರಲಿ, ನಿನ್ನದು ಹೇಳು ತಾಯಿ."

"ಆಸ್ಪತ್ರೆಯಲ್ಲಿ ಮನೆಯ ಮಾತೆತ್ತಿದರೆ ತಪ್ಪು. ಮನೆಯಲ್ಲಿ ಆಸ್ಪತ್ರೆಯ ಮಾತೆತ್ತಿದರೆ ತಪ್ಪು. ಎರಡನ್ನೂ ಮುಗಿಸಿ ಬಾಗಿಲಿಗೆ ಬಂದರೆ ಎದುರುಮನೆಯವರು..."

ಅಷ್ಟರಲ್ಲಿ ಅವಳ ಫೋನು ಕೂಗಿತು. "ಬಂದೆ ಅತ್ತೆ, ಬಂದೆ. ಇನ್ನೇನು ಬಂದೆ," ಎಂದಳು. ಫೋನನ್ನು ಚೀಲಕ್ಕೆ ಹಾಕುವ ಮೊದಲೇ ಮತ್ತೆ ಕೂಗಿತು. ಈ ಸಲ ಆಸ್ಪತ್ರೆಯಿಂದ. "ಬಂದೆ ಕಣೇ, ಬಂದೆ," ಎಂದಳು.

"ಎಲ್ಲಿಗೆ ಬಂದೆ?" ಎಂದರು ಮರುಳಯ್ಯ.

ಸರ್ವಮಂಗಳ ತಾನು ಕುಳಿತಿದ್ದ ಬೆಂಚನ್ನು ನೋಡಿಕೊಂಡಳು. ಮರುಳಯ್ಯ ಕತೆ ಶುರು ಮಾಡಿದರು.

ಒಂದೂರಿನಲ್ಲಿ ಒಬ್ಬ ಸೂಲಗಿತ್ತಿ. ಕೈಗುಣದವಳು. ಹೊಟ್ಟೆಯಲ್ಲಿ ಅಡ್ಡ ತಿರುಗಿದ ಕೂಸೂ ಅವಳ ಕೈ ತಾಕಿದರೆ ದಾರಿಗೆ ಬರುತ್ತಿತ್ತು. ಅವಳಿಗೂ ಆ ಕೆಲಸವೆಂದರೆ ಜೀವ. ಕೂಸಿನ ಮೊದಲ ಅಳು ಕೇಳಿದಾಗ ಅವಳ ಮುಖದಲ್ಲಿ ಒಂದು ನಗು ಮೂಡುತ್ತಿತ್ತು. ಆ ನಗುವನ್ನು ನೋಡಿದವರಿಲ್ಲ. ಆ ಹೊತ್ತಿನಲ್ಲಿ ಎಲ್ಲರೂ ಕೂಸನ್ನು ನೋಡುತ್ತಿದ್ದರು.

ಅವಳು ಹೆರಿಗೆಯ ಮನೆಯಲ್ಲಿದ್ದಾಗ ಅತ್ತೆ ಹೇಳಿ ಕಳಿಸುವಳು. "ಬಂದೆ," ಎನ್ನುವಳು. ಒಲೆಯ ಮುಂದಿದ್ದಾಗ ಹೆರಿಗೆಯ ಮನೆಯವರು ಬಾಗಿಲು ಬಡಿಯುವರು. "ಬಂದೆ." ನೆರೆಯವರು ಅರಿಶಿನ ಕುಂಕುಮಕ್ಕೆ ಕರೆಯುವರು. ಹೋಗದಿದ್ದರೆ ಜಂಬಗಾತಿ. ಹೋದರೆ ಮನೆ ಮಠ ಬಿಟ್ಟವಳು. ಅದಕ್ಕೂ "ಬಂದೆ."

"ನಮ್ಮ ಮಾತಿನ ಚಮತ್ಕಾರ ನೋಡು ತಾಯಿ," ಎಂದರು ಮರುಳಯ್ಯ. "ಬರುತ್ತೇನೆ ಅನ್ನಬೇಕಾದಲ್ಲಿ ಬಂದೆ ಅನ್ನುತ್ತೇವೆ. ಕಾಲು ಇನ್ನೂ ಎದ್ದಿರುವುದಿಲ್ಲ, ಬಾಯಿ ಹೋಗಿ ತಲುಪಿರುತ್ತದೆ. ನಾನು ಹೇಳಿದರೆ ಸುಳ್ಳು, ಊರೆಲ್ಲ ಹೇಳಿದರೆ ವ್ಯಾಕರಣ."

ಸೂಲಗಿತ್ತಿಯ ಗಂಡ ಒಂದು ಗಿಳಿ ತಂದು ಜಗಲಿಯಲ್ಲಿ ತೂಗುಹಾಕಿದ. ಶಿವ ಶಿವ ಎಂದು ಕಲಿಸಲು ಹೊರಟ. ಗಿಳಿ ಬಾಯಿ ಬಿಡಲಿಲ್ಲ. ಹಕ್ಕಿ ಕಲಿಯುವುದು ಹೆಚ್ಚು ಕಿವಿಗೆ ಬೀಳುವ ಮಾತನ್ನು. ಆ ಮನೆಯಲ್ಲಿ ಅದು ಶಿವನ ಹೆಸರಾಗಿರಲಿಲ್ಲ.

ಒಂದು ದಿನ ಅತ್ತೆ ಒಳಗಿನಿಂದ ಕೂಗಿದಳು. "ಲೇ, ಎಲ್ಲಿ ಹಾಳಾಗಿ ಹೋದೆ?"

"ಬಂದೆ," ಎಂದಿತು ಗಿಳಿ.

ಸೊಸೆಯದೇ ದನಿ. ಸೊಸೆಯದೇ ಆತುರ. ಅತ್ತೆಗೆ ಸಮಾಧಾನವಾಯಿತು. ಎಲೆಗೆ ಸುಣ್ಣ ಹಚ್ಚುತ್ತ ಕುಳಿತಳು. ಸೊಸೆ ಆಗ ಆಚೆ ಬೀದಿಯಲ್ಲಿ ಬಾಣಂತಿಗೆ ನೀರು ಹಾಕುತ್ತಿದ್ದಳು.

ಅಂದಿನಿಂದ ಮನೆಯಲ್ಲಿ ಜಗಳ ನಿಂತಿತು. ಕರೆದವರಿಗೆಲ್ಲ ಓಗೊಡುವ ದನಿ ಸಿಕ್ಕಿತು. ಸೂಲಗಿತ್ತಿ ಬಂದಾಗ ಬಂದು ಕೆಲಸ ಮಾಡುತ್ತಿದ್ದಳು. ಒಮ್ಮೆ ಅತ್ತೆ ನೆರೆಯವಳೊಡನೆ ಹೇಳುತ್ತಿದ್ದಳು.

"ನಮ್ಮ ಸೊಸೆ ಈಗ ದಾರಿಗೆ ಬಂದಿದ್ದಾಳೆ ಕಣೇ. ಕರೆದ ಬಾಯಿ ಮುಚ್ಚೋದರೊಳಗೆ ಬಂದೆ ಅಂತಾಳೆ."

"ಪುಣ್ಯವಂತೆ ನೀನು. ನಮ್ಮನೇಲೂ ಇದ್ದಾಳಲ್ಲ ಒಬ್ಬಳು, ಕರೆದು ಕರೆದು ನನ್ನ ಗಂಟಲು ಹೋಯ್ತು."

ಬಾಗಿಲ ಹಿಂದೆ ನಿಂತಿದ್ದ ಸೂಲಗಿತ್ತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಪಂಜರದ ಹತ್ತಿರ ಹೋಗಿ ಗಿಳಿಗೆ ಒಂದು ಹಸಿಮೆಣಸಿನಕಾಯಿ ಕೊಟ್ಟಳು. ಒಂದು ಹೆಗಲಿನ ಭಾರ ಇಳಿದ ಹಾಗಾಯಿತು.

ಹೀಗಿರುವಾಗ ಹೊಳೆಯಾಚೆಯ ಊರಿನಿಂದ ಕರೆ ಬಂತು. ಕಷ್ಟದ ಹೆರಿಗೆ. ಮನೆಯವರು ಇನ್ನೂ ಎದ್ದಿರಲಿಲ್ಲ. ಅವಳು ಅಡುಗೆ ಮಾಡಿ ಮುಚ್ಚಿಟ್ಟು ಹೊರಟಳು. ಕೂಸು ಕಾಲು ಮುಂದಾಗಿ ಬಂದಿತ್ತು. ಆ ಹಗಲು, ಆ ಇರುಳು ಅವಳು ಅಲ್ಲಿಂದ ಏಳಲಿಲ್ಲ. ಬೆಳಕು ಹರಿಯುವಾಗ ಕೂಸು ಹುಟ್ಟಿತು. ಹುಟ್ಟಿದ್ದು ಅಳಲಿಲ್ಲ. ಅವಳು ಅದರ ಬಾಯಿಗೆ ಬಾಯಿಟ್ಟು ತನ್ನ ಉಸಿರು ಊದಿದಳು. ಆಮೇಲೆ ಅತ್ತಿತು.

ಹಿಂತಿರುಗುವ ದಾರಿಯಲ್ಲಿ ಅವಳಿಗೆ ಹೆದರಿಕೆ. ಹೇಳದೆ ಹೋಗಿ ಒಂದು ರಾತ್ರಿ ಕಳೆದಿದ್ದಳು. ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡು ನಡೆದಳು. ಹೆದರಿಕೆಯ ಒಳಗೆ ಒಂದು ಆಸೆಯೂ ಇತ್ತು. ಹುಡುಕಿಕೊಂಡು ಯಾರಾದರೂ ಹೊಳೆಯ ದಂಡೆಯವರೆಗೆ ಬಂದಿರಬಹುದು. ಬೈದುಕೊಂಡೇ ಬಂದಿರಲಿ. ಬಂದರೆ ಆ ಕೂಸಿನ ಅಳುವಿನ ಕತೆಯನ್ನು ಅವರಿಗೆ ಹೇಳಬೇಕು.

ದಂಡೆಯಲ್ಲಿ ಯಾರೂ ಇರಲಿಲ್ಲ.

ಮನೆಯ ಜಗಲಿಯಲ್ಲಿ ಗಂಡ ಹಲ್ಲುಜ್ಜುತ್ತಿದ್ದ. "ಏ ಇವಳೇ, ಬಿಸಿನೀರು ಕಾಯಿಸಿದೆಯಾ?" ಎಂದ. ಒಳಗೆ ಅತ್ತೆ ಗೊಣಗಿದಳು. "ನಿನ್ನೆಯಿಂದ ಬಂದೆ ಬಂದೆ ಅಂತೀಯ, ಮಜ್ಜಿಗೆ ಇನ್ನೂ ಕಡೆದಿಲ್ಲ."

"ನಾನು ನಿನ್ನೆ ಮನೆಯಲ್ಲಿರಲಿಲ್ಲ ಅತ್ತೆ."

"ಹೋಗೇ! ಇಲ್ಲದವಳು ಓಗೊಡ್ತಾಳಾ?"

ಅವಳು ಪಂಜರದ ಕಡೆ ನೋಡಿದಳು.

ನೀರು ಕಾಯಿಸಿದಳು. ಮಜ್ಜಿಗೆ ಕಡೆದಳು. ಹಿತ್ತಿಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತಳು. ಮನಸ್ಸಿನಲ್ಲೇ ಒಂದು ಮಾತು ಇಟ್ಟುಕೊಂಡಳು. ಆ ದನಿಗೆ ತೃಪ್ತರಾಗದೆ ಯಾರು ಎದ್ದು ಬಂದು ನನ್ನನ್ನು ಹುಡುಕುತ್ತಾರೋ, ಅವರ ಮುಂದೆ ಎಲ್ಲವನ್ನೂ ಹೇಳುತ್ತೇನೆ.

"ಕುಡಿಯೋಕೆ ನೀರು," ಎಂದ ಗಂಡ.

"ಬಂದೆ," ಎಂದಿತು ಗಿಳಿ.

"ಬಾಣಂತಿ ತಲೆ ತಿರುಗ್ತಾ ಇದೆ ಅಂತಾಳೆ, ಬಂದು ನೋಡಬೇಕಂತೆ," ಎಂದು ಬೀದಿಯಿಂದ ಒಬ್ಬರು ಕೂಗಿದರು.

"ಬಂದೆ."

"ಸಂಜೆ ಆರತಿಗೆ ಬಾರೇ. ಹೋದ ಸಲದ ಹಾಗೆ ಕೈಕೊಡಬೇಡ," ಎಂದಳು ನೆರೆಯವಳು.

"ಬಂದೆ."

ಕರೆದವರೆಲ್ಲ ಸಮಾಧಾನದಿಂದ ಹೋದರು. ಕಲ್ಲಿನ ಮೇಲಿದ್ದ ನೆರಳು ಸರಿದು ಗೋಡೆಗೆ ಹೋಯಿತು. ಹಿತ್ತಿಲ ಬಾಗಿಲನ್ನು ಯಾರೂ ನೂಕಲಿಲ್ಲ.

ಅವಳಿಗೂ ಒಂದು ಹೆಸರಿತ್ತು. ತಾಯಿ ಇಟ್ಟದ್ದು. ಗಂಡನಿಗೆ ಅವಳು ಇವಳೇ. ಅತ್ತೆಗೆ ಲೇ. ಊರಿಗೆ ಸೂಲಗಿತ್ತಿ. ತಾಯಿ ತೀರಿಕೊಂಡ ಮೇಲೆ ಆ ಹೆಸರು ಯಾರ ಬಾಯಲ್ಲೂ ಬಂದಿರಲಿಲ್ಲ. ಎಲ್ಲಿ ಮರೆತುಹೋಗುತ್ತದೋ ಎಂದು ಅವಳೇ ಕರೆದುಕೊಂಡಳು. ಮೆಲ್ಲಗೆ, ತಾಯಿ ಕರೆಯುತ್ತಿದ್ದ ಹಾಗೆ, ಕೊನೆಯ ಅಕ್ಷರವನ್ನು ಸ್ವಲ್ಪ ಎಳೆದು.

ಜಗಲಿಯಿಂದ ಅವಳದೇ ದನಿ ಕೇಳಿಸಿತು.

"ಬಂದೆ."

ಅವಳು ಕಾದಳು. ಯಾರೂ ಬರಲಿಲ್ಲ.

ಮರುಳಯ್ಯ ಅಲ್ಲಿಗೆ ನಿಲ್ಲಿಸಿದರು. ಲೋಟದ ತಳದಲ್ಲಿದ್ದ ಟೀಯನ್ನು ಸುತ್ತಿಸಿ ಕುಡಿದರು. ಸರ್ವಮಂಗಳೆಯ ಟೀ ಮುಟ್ಟದೆ ಆರಿಹೋಗಿತ್ತು.

"ಆಮೇಲೆ?" ಎಂದಳು.

"ನನಗೇನು ಗೊತ್ತು? ಈ ಕತೆ ನನಗೆ ಹೇಳಿದ್ದು ಆ ಗಿಳಿ. ಅದಕ್ಕೆ ಬರುವುದು ಒಂದೇ ಮಾತು. ಉಳಿದದ್ದೆಲ್ಲ ನನ್ನ ಸುಳ್ಳು."

ಅವಳು ನಗಲಿಲ್ಲ. ಚೀಲದೊಳಗೆ ಫೋನು ಕೂಗಿ ತಾನೇ ಸುಮ್ಮನಾಯಿತು. ಅವಳು ಬೀದಿಯ ಕಡೆ ನೋಡುತ್ತ ಕುಳಿತಿದ್ದಳು. ಮರುಳಯ್ಯ ಕರೆದರು.

"ಸರ್ವಮಂಗಳಾ."

ಸಿಸ್ಟರೆಂದಲ್ಲ, ತಾಯಿ ಎಂದೂ ಅಲ್ಲ. ಕೊನೆಯ ಅಕ್ಷರವನ್ನು ಸ್ವಲ್ಪ ಎಳೆದು.

ಅವಳು ಬೆಚ್ಚಿದಳು. "ಹಾ, ಬಂದೆ," ಎಂದಳು.

ಅವಳು ಅವರ ಎದುರಿಗೇ ಕುಳಿತಿದ್ದಳು. ಕೈ ಚಾಚಿದರೆ ಸಿಗುವಷ್ಟು ಹತ್ತಿರ.

ಮರುಳಯ್ಯ ಖಾಲಿ ಲೋಟವನ್ನು ಅವಳ ಕಡೆಗೆ ಸರಿಸಿದರು.

"ನನ್ನ ಟೀ ದುಡ್ಡು ನೀನೇ ಕೊಡಬೇಕು, ನೀನು ಬರುವ ತನಕ ಕಾಯುತ್ತೇನೆ, ಗಿಳಿಯ ಕೈಯಲ್ಲಿ ಮಾತ್ರ ಕಳಿಸಬೇಡ."