ನಾಲ್ಕು ಹೊಲಕ್ಕೆ ಒಂದೇ ಪೈಪು

ಮುಗಳಿಕೊಪ್ಪದಲ್ಲಿ ಫಕೀರವ್ವ ಎಂಬ ರೈತ ಹೆಂಗಸು ಇದ್ದಳು. ತುಂತುರು ನೀರಾವರಿಯ ಪೈಪು ಕೊಂಡು ಹೊಲಕ್ಕೆ ಹಾಕಿದವರಿಗೆ ಸರಕಾರ ಸಹಾಯಧನ ಕೊಡುತ್ತದೆ ಎಂದು ಕೇಳಿ, ಮನೆಯ ಒಂದೇ ಎಮ್ಮೆಯನ್ನು ಮಾರಿ ಪೈಪು ತಂದಳು. ಸಹಾಯಧನ ಬಂದ ಕೂಡಲೇ ಎಮ್ಮೆಯನ್ನು ಮರಳಿ ಕೊಂಡು ತರುವುದು ಅವಳ ಆಸೆ. ಎಮ್ಮೆ ಕೊಂಡವನು ಯುಗಾದಿಯ ತನಕ ಅದನ್ನು ಬೇರೆಯವರಿಗೆ ಮಾರದೆ ಕಾಯುವುದಾಗಿ ಒಪ್ಪಿದ್ದ.

ಅಕ್ಕಪಕ್ಕದ ಹೊಲದ ಚನಬಸಪ್ಪ, ಮೌಲಾಸಾಬ, ಶೇಖಪ್ಪ ಮೂವರೂ ಅರ್ಜಿ ಹಾಕಿದ್ದರು. ಅಂಗಡಿಯಿಂದ ಬಿಲ್ಲು ತಂದಿದ್ದರು. ಪೈಪು ತರುವುದೊಂದು ಬಾಕಿ ಇತ್ತು.

ಪರಿಶೀಲನೆಗೆ ಸಾಹೇಬರು ಬರುವ ಬೆಳಿಗ್ಗೆ ಮೂವರೂ ಫಕೀರವ್ವನ ಬಾಗಿಲಲ್ಲಿ ನಿಂತರು.

"ಅಕ್ಕಾ, ಒಂದ್ ತಾಸು ಪೈಪು ಕೊಡಬೇ," ಎಂದ ಶೇಖಪ್ಪ. "ನಿನ್ನ ಹೊಲ ಕಡೀಗೆ ಐತಿ. ಅಷ್ಟರಾಗ ನಾವ ತಂದು ಜೋಡಿಸ್ತೀವಿ."

"ಸಾಹೇಬ್ರು ನೋಡಿಬಿಟ್ರ?"

"ಚಹಾ ಬ್ಯಾಡ ಅನ್ನೋ ಸಾಹೇಬನ್ನ ಎಲ್ಯಾರ ನೋಡೀಯೇನು? ಅವರು ಕಪ್ಪಿನ್ಯಾಗಿಂದ ಬಶಿಗೆ ಸುರುವಿ ಕುಡಿಯೂದ್ರಾಗ ಪೈಪು ಮುಂದಿನ ಹೊಲದಾಗ!"

ನೆರೆಯವರಿಗೆ ಇಲ್ಲವೆಂದು ಹೇಳಿ ಫಕೀರವ್ವನಿಗೆ ಅಭ್ಯಾಸವಿರಲಿಲ್ಲ. ಕೊಟ್ಟಳು.

ಸಾಹೇಬರು ಬಂದರು. ಚನಬಸಪ್ಪನ ಹೊಲದಲ್ಲಿ ಪೈಪಿನ ಫೋಟೊ ತೆಗೆದು ಚಹಾಕ್ಕೆ ನಡೆದರು. ಇತ್ತ ಊರಿನ ಹತ್ತು ಜನ ಪೈಪು ಹೆಗಲಿಗೇರಿಸಿ ಬದುವಿನ ಮೇಲೆ ಓಡಿದರು! ಒಬ್ಬ ಬಿದ್ದ, ಎದ್ದ, ಮತ್ತೆ ಓಡಿದ. ಮೌಲಾಸಾಬನ ಹೊಲದಲ್ಲಿ ಕೊನೆಯ ಕೊಂಡಿ ಬೀಳುವುದಕ್ಕೂ ಜೀಪು ಬರುವುದಕ್ಕೂ ಸರಿಹೋಯಿತು. "ಭೇಷ್!" ಎಂದರು ಸಾಹೇಬರು. ಅಲ್ಲಿ ಗಿರಮಿಟ್ಟು, ಮಿರ್ಚಿ, ಚಹಾ. ಮತ್ತೆ ಓಟ! ಶೇಖಪ್ಪನ ಹೊಲದಲ್ಲೂ ಪೈಪು ಕಂಡು ಸಾಹೇಬರಿಗೆ ಹೆಮ್ಮೆಯಾಯಿತು. ಇಷ್ಟು ಒಂದೇ ತರಹದ ಪೈಪುಗಳನ್ನು ಅವರು ಯಾವ ಊರಿನಲ್ಲೂ ನೋಡಿರಲಿಲ್ಲ.

"ಚಹಾ ಆಗೇತ್ರಿ, ಸಾಹೇಬ್ರ," ಎಂದ ಶೇಖಪ್ಪ.

"ಬ್ಯಾಡೋ ಮಾರಾಯಾ, ಹೊಟ್ಟಿ ತುಂಬೇತಿ," ಎಂದವರೇ ಬದು ದಾಟಿ ಫಕೀರವ್ವನ ಹೊಲಕ್ಕೆ ಕಾಲಿಟ್ಟರು.

ಸಾಹೇಬರ ಹೊಟ್ಟೆಗೂ ಮಿತಿಯಿದೆ ಎಂಬುದನ್ನು ಊರು ಯೋಚಿಸಿರಲಿಲ್ಲ.

"ನಿನ್ನ ಪೈಪು ಎಲ್ಲಿ ಯವ್ವಾ?"

ಫಕೀರವ್ವ ಬದುವಿನಾಚೆ ಕೈ ತೋರಿಸಿದಳು. "ಅವ ನನ್ನ ಪೈಪು ರೀ. ಬೇಕಾದ್ರ ಶೇಖಪ್ಪನ್ನ ಕೇಳ್ರಿ."

ಶೇಖಪ್ಪ ಆಕಾಶ ನೋಡಿದ. ಚನಬಸಪ್ಪ ನೆಲ ನೋಡಿದ. ಮೌಲಾಸಾಬ ಅವರಿಬ್ಬರನ್ನೂ ನೋಡಿದ. ಅವಳು ಬಿಲ್ಲು ತೋರಿಸಿದಳು. ಬಿಲ್ಲು ನಾಲ್ವರ ಹತ್ತಿರವೂ ಇತ್ತು.

"ಮಂದಿ ಪೈಪು ತೋರಿಸಿ ನಂದು ಅಂತೀಯಲ್ಲ, ನಾಚಿಕಿ ಆಗೂದಿಲ್ಲೇನು ನಿನಗ?" ಎಂದು ಗದರಿದ ಸಾಹೇಬರು ಅವಳ ಅರ್ಜಿಯನ್ನು ತಿರಸ್ಕರಿಸಿದರು. ಸರಕಾರದ ದುಡ್ಡು ಪೋಲಾಗದಂತೆ ಕಾಯ್ದ ಅವರ ನಿಷ್ಠೆಯನ್ನು ಮೂವರೂ ಮೆಚ್ಚಿಕೊಂಡರು.

ಮೂವರಿಗೂ ಸಹಾಯಧನ ಬಂತು. ಯುಗಾದಿ ಕಳೆಯಿತು, ಎಮ್ಮೆ ಬೇರೆ ಊರಿನ ಪಾಲಾಯಿತು. ಸಾಹೇಬರು ಮತ್ತೆ ಬಂದಾರೆಂಬ ಭಯದಿಂದ ಶೇಖಪ್ಪ ಪೈಪನ್ನು ತನ್ನ ಹೊಲದಿಂದ ಕದಲಿಸಲೇ ಇಲ್ಲ. ಆದರೆ ಅವನೇನು ಕೃತಘ್ನನಲ್ಲ. ಫಕೀರವ್ವನ ಮನೆಗೆ ಬಂದು ಸಮಾಧಾನ ಹೇಳಿದ:

"ಚಿಂತಿ ಮಾಡಬ್ಯಾಡ ಅಕ್ಕಾ. ಬರೂ ವರ್ಷ ಮತ್ತ ಅರ್ಜಿ ಹಾಕು. ತೋರಸಾಕ ನಮ್ಮ ಪೈಪು ಕೊಡ್ತೀವಿ."

ನೀತಿ: ನೆರೆಯವರಿಗೆ ನೀರು ಕೊಡಿ, ನೇಗಿಲು ಕೊಡಿ. ಅವರ ಸುಳ್ಳಿಗೆ ಮಾತ್ರ ನಿಮ್ಮ ನಿಜವನ್ನು ಕಡ ಕೊಡಬೇಡಿ. ಕೊಟ್ಟರೆ, ಕಡೆಗೆ ಸುಳ್ಳುಗಾರರಾಗಿ ನಿಲ್ಲುವವರು ನೀವೇ.