ಆಲಿಕಲ್ಲಿನ ಬುಟ್ಟಿ

ಒಂದು ಕಾಡಿನಲ್ಲಿ ಬೇಸಿಗೆ ಬಂತೆಂದರೆ ಪ್ರಾಣಿಗಳೆಲ್ಲ ಗಂಟುಮೂಟೆ ಕಟ್ಟುತ್ತಿದ್ದವು. ಹಳ್ಳ ಬತ್ತಿದ ಮೇಲೆ ಅಲ್ಲಿ ಯಾರಿಗೇನು ಕೆಲಸ? ಮೂರು ದಿನ ನಡೆದರೆ ದೊಡ್ಡ ಹೊಳೆ ಸಿಗುತ್ತಿತ್ತು. ಬೆಳಿಗ್ಗೆ, ಸಂಜೆ ನಡೆಯುವುದು, ಬಿಸಿಲೇರಿದಾಗ ಯಾವುದಾದರೂ ಮರದ ಕೆಳಗೆ ಬಿಡಾರ ಹೂಡುವುದು. ಬಿಡಾರದಲ್ಲಿ ಬೆಂಕಿ ಹಚ್ಚುವ ಹಾಗಿರಲಿಲ್ಲ. ಒಣಗಿದ ಕಾಡು, ಒಂದು ಕಿಡಿ ಹಾರಿದರೂ ಮುಗಿಯಿತು. ಅದಕ್ಕೇ ಕಷಾಯವನ್ನೂ ಅವು ಬಿಸಿಲಿನಲ್ಲೇ ಕಾಯಿಸುತ್ತಿದ್ದವು. ಹೊತ್ತು ತಂದ ನೀರನ್ನು ಗಡಿಗೆಗೆ ಸುರಿದು, ಲಾವಂಚದ ಬೇರು, ತುಳಸಿ, ಮಜ್ಜಿಗೆ ಹುಲ್ಲು ಹಾಕಿ ಕಾದ ಬಂಡೆಯ ಮೇಲಿಟ್ಟರೆ ಮಧ್ಯಾಹ್ನದ ಹೊತ್ತಿಗೆ ಘಮಘಮ ರಸ ಬಿಡುತ್ತಿತ್ತು. ಅದಕ್ಕೆ ಜೇನು ಬೆರೆಸಿ, ನಾಲ್ಕು ಆಲಿಕಲ್ಲು ಹಾಕಿದರೆ, ಆಹಾ, ಒಂದೇ ಗುಟುಕಿಗೆ ಹೊಟ್ಟೆಯೆಲ್ಲ ತಣ್ಣಗಾಗುತ್ತಿತ್ತು!

ಈ ತಂಪು ಕಷಾಯ ಮಾಡುವ ಕೆಲಸ ಸೀಗಮ್ಮನದು. ಸೀಗಮ್ಮ ಎಂಬುದು ಒಂದು ಮುಳ್ಳುಹಂದಿ. ಅವಳ ಕೈರುಚಿ ಬಲು ಚೆನ್ನ. ಆದರೆ ಅವಳಂಥ ಪುಕ್ಕಲಿ ಇನ್ನೊಬ್ಬಳಿರಲಿಲ್ಲ. ಎಲೆ ಉದುರಿದರೆ ಬೆಚ್ಚಿಬೀಳುವಳು. ಉದುರದಿದ್ದರೆ, ಯಾಕೆ ಇನ್ನೂ ಉದುರಲಿಲ್ಲ ಎಂದು ಯೋಚನೆಗೆ ಕೂರುವಳು.

ಈ ಸಲವಂತೂ ಅವಳಿಗೆ ನಿದ್ದೆಯೇ ಇರಲಿಲ್ಲ. ಹೊರಡುವ ಹಿಂದಿನ ಸಂಜೆ ಗುಡುಗು ಸಿಡಿಲಿನೊಂದಿಗೆ ಆಲಿಕಲ್ಲು ಬಿದ್ದಿತ್ತು. ಸೀಗಮ್ಮ ಅವನ್ನು ಆಯ್ದು, ಒತ್ತಿ ಒತ್ತಿ ತೆಂಗಿನಕಾಯಿ ಗಾತ್ರದ ಗಡ್ಡೆ ಮಾಡಿದ್ದಳು. ಬಿದಿರು ಬುಟ್ಟಿಯಲ್ಲಿ ಒಣಹುಲ್ಲು ತುಂಬಿ, ಅದರ ನಡುವೆ ಗಡ್ಡೆಯನ್ನು ಹುದುಗಿಸಿದ್ದಳು. ಕರಗಿಬಿಟ್ಟರೆ ಎಂಬ ಭಯಕ್ಕೆ ಹತ್ತು ಹೆಜ್ಜೆಗೊಮ್ಮೆ ಮುಚ್ಚಳ ತೆಗೆದು ನೋಡುವಳು. ಬೆಳಿಗ್ಗೆ ಒದ್ದೆಯಾದ ಹುಲ್ಲನ್ನು ತೆಗೆದು ಹೊಸ ಹುಲ್ಲು ಹಾಕುವಳು.

ಎರಡನೆಯ ದಿನ ಬಿಸಿಲು ಕಾದ ಹಂಚಿನಂತಾಯಿತು. ಆನೆ ಬೆಳ್ಳವ್ವನ ಮರಿ ಬೋರ ನಡೆಯುತ್ತಾ ನಡೆಯುತ್ತಾ ದೊಪ್ಪನೆ ಬಿದ್ದ. ಅವನಿಗೆ ಬಿಸಿಲು ಬಡಿದಿತ್ತು. ಎಲ್ಲರೂ ಸೇರಿ ಅವನನ್ನು ಒಂದು ಮತ್ತಿಮರದ ನೆರಳಿಗೆ ಎಳೆದು ಮಲಗಿಸಿ, ಅಲ್ಲೇ ಬಿಡಾರ ಹೂಡಿದರು. ಬೋರನ ಕಿವಿ ಅಲ್ಲಾಡಲಿಲ್ಲ. ಬಾಯಿಗೆ ಬಿಟ್ಟ ಬೆಚ್ಚನೆಯ ನೀರನ್ನೆಲ್ಲ ಕಕ್ಕಿಬಿಟ್ಟ.

"ಸೀಗಮ್ಮ, ಬೇಗ ತಂಪು ಮಾಡ್ಕೊಡೇ," ಎಂದಳು ಬೆಳ್ಳವ್ವ. "ನನ್ನ ಕೂಸು ಕಣ್ಣೇ ಬಿಡ್ತಿಲ್ಲ."

ಸೀಗಮ್ಮ ಗಡಿಗೆಯ ಕಡೆಗೆ ಓಡಿದಳು. ಗಡಿಗೆ ಬಂಡೆಯ ಮೇಲೆ ಕಾಯುತ್ತಿತ್ತು, ನಿಜ. ಆದರೆ ಅದಕ್ಕೆ ವಾಂತಿ ನಿಲ್ಲಿಸುವ ಮಜ್ಜಿಗೆ ಹುಲ್ಲು ಬಿದ್ದಿರಲಿಲ್ಲ. ಅದು ಬೆಳೆಯುತ್ತಿದ್ದದ್ದು ಪಕ್ಕದ ದಿಬ್ಬದ ಮೇಲೆ. ಬುಟ್ಟಿ ಹೊತ್ತುಕೊಂಡು ಬಿಸಿಲಲ್ಲಿ ಹತ್ತಿದರೆ ಗಡ್ಡೆ ಕರಗುತ್ತದೆ. ಇಲ್ಲೇ ಬಿಟ್ಟರೆ ಕಾಯುವವರು ಯಾರು?

"ನಾನಿಲ್ವೇನಕ್ಕ?" ಎಂದ ನರಿ ಕೆಂಚಣ್ಣ. "ನೀನು ಹೋಗಿ ಬಾ. ಬುಟ್ಟಿ ಹತ್ರ ಒಂದು ನೊಣಾನೂ ಸುಳಿಯಲ್ಲ."

ಕೆಂಚಣ್ಣನಿಗೆ ಒಂದು ಹಳೆಯ ಸಂಕಟವಿತ್ತು. ಬಿಡಾರದಲ್ಲಿ ಮೊದಲು ನಿತ್ರಾಣರಿಗೆ, ಆಮೇಲೆ ಮಕ್ಕಳಿಗೆ, ಆಮೇಲೆ ಮುದುಕರಿಗೆ ಕಷಾಯ ಕೊಡುವುದು ಪದ್ಧತಿ. ಗಟ್ಟಿಮುಟ್ಟಾದ ಕೆಂಚಣ್ಣನ ಸರದಿ ಬರುವಷ್ಟರಲ್ಲಿ ಆಲಿಕಲ್ಲು ಕರಗಿ ನೀರಾಗಿರುತ್ತಿತ್ತು. ಈ ಸಲ ಆ ತಣ್ಣನೆಯ ಗಡ್ಡೆಯನ್ನು ತಾನೊಬ್ಬನೇ ನೆಕ್ಕಬೇಕು ಎಂಬ ಆಸೆ ಅವನಿಗೆ ಹತ್ತಿತ್ತು. ಪಾಪ, ಸೀಗಮ್ಮನಿಗೇನು ಗೊತ್ತು?

ಅವಳು ಮೂರು ಸಲ ಹಿಂತಿರುಗಿ ನೋಡಿ, ದಿಬ್ಬ ಹತ್ತಿದಳು. ಹುಲ್ಲು ಕೀಳುವಾಗಲೂ ಬುಟ್ಟಿಯದೇ ಚಿಂತೆ. ಬೋರನ ಅಲ್ಲಾಡದ ಕಿವಿಗಳೇ ಕಣ್ಣಮುಂದೆ. ಕೈಗೆ ಸಿಕ್ಕಷ್ಟು ಕಿತ್ತುಕೊಂಡು, ಎದ್ದು ಬಿದ್ದು ಓಡಿ ಬಂದಳು. ಬಂದವಳೇ ಮುಚ್ಚಳ ತೆಗೆದಳು.

ಬುಟ್ಟಿಯಲ್ಲಿ ಗಡ್ಡೆ ಇರಲಿಲ್ಲ! ಬರೀ ಹುಲ್ಲಿತ್ತು.

"ಅಯ್ಯೋ ಕೆಂಚಣ್ಣ! ಗಡ್ಡೆ ಎಲ್ಲಿ?"

ಕೆಂಚಣ್ಣ ತನ್ನ ಬಟ್ಟೆಯ ಗಂಟಿನ ಮೇಲೆ ಆರಾಮಾಗಿ ಕುಳಿತಿದ್ದ. "ಎಲ್ಲಿ ಅಂದ್ರೆ? ಕರಗಿಹೋಗಿರಬೇಕು. ಎಷ್ಟು ಸಲ ಮುಚ್ಚಳ ತೆಗೆದೆ ಹೇಳು ನೀನು? ಬಿಸಿಗಾಳಿ ಒಳಗೆ ಹೋಗದೆ ಇರುತ್ತಾ?"

ಸೀಗಮ್ಮ ಮುಚ್ಚಳ ಹಿಡಿದ ತನ್ನ ಕೈಯನ್ನೇ ನೋಡಿಕೊಂಡಳು. ತೆಗೆದದ್ದು ನಿಜವಲ್ಲವೇ? ನಿನ್ನೆ ತೆಗೆದಿದ್ದಳು, ಇವತ್ತು ತೆಗೆದಿದ್ದಳು, ಎಲ್ಲರೂ ಬೇಡ ಬೇಡ ಎಂದರೂ ತೆಗೆದಿದ್ದಳು.

"ನಾನು ಯಾರಿಗೂ ಹೇಳಲ್ಲಕ್ಕ," ಎಂದು ಕೆಂಚಣ್ಣ ದನಿ ತಗ್ಗಿಸಿದ. "ನೀನೇ ಹೋಗಿ ತಪ್ಪಾಯ್ತು ಅಂತ ಹೇಳಿಬಿಡು. ಬೈದರೆ ಬೈಸ್ಕೋ. ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ."

ಸೀಗಮ್ಮ ಬುಟ್ಟಿಯನ್ನು ತಬ್ಬಿಕೊಂಡು ಬೆಳ್ಳವ್ವನ ಕಡೆಗೆ ನಡೆದಳು. ಇಪ್ಪತ್ತು ಹೆಜ್ಜೆಯ ದಾರಿ ಇಪ್ಪತ್ತು ಹರಿದಾರಿಯಂತಾಯಿತು. ತನ್ನ ಹಾಳು ಗಾಬರಿಯಿಂದ ಒಂದು ಮಗುವಿನ ಜೀವ ಹೋಗುತ್ತಿದೆಯಲ್ಲ ಎಂದು ಕಣ್ಣೀರು ಕಟ್ಟೆಯೊಡೆಯಿತು. ಬೆಳ್ಳವ್ವ ಸೊಂಡಿಲಿನಿಂದ ಮರಿಯ ತಲೆ ಸವರುತ್ತಿದ್ದಳು. ಬುಟ್ಟಿ ಕಂಡೊಡನೆ ಅವಳ ಮುಖ ಅರಳಿತು.

"ಬೆಳ್ಳವ್ವ, ನನ್ನಿಂದ... ನಾನೇ..." ಸೀಗಮ್ಮ ಬಿಕ್ಕಿದಳು. ಬುಟ್ಟಿಯಲ್ಲಿದ್ದ ಹುಲ್ಲನ್ನೇ ಹಿಡಿದೆತ್ತಿ, ಅದರಲ್ಲೇ ಕಣ್ಣೊರೆಸಿಕೊಂಡಳು.

ಹುಲ್ಲು ಕಣ್ಣಿಗೆ ಚುಚ್ಚಿತು. ಬೆಳಿಗ್ಗೆ ಹಾಕಿದಾಗ ಇದ್ದಷ್ಟೇ ಗರಿಗರಿ!

ಸೀಗಮ್ಮ ಅಳುವುದನ್ನು ಅಲ್ಲಿಗೇ ನಿಲ್ಲಿಸಿದಳು. ಬುಡದ ಹುಲ್ಲು ಮುಟ್ಟಿ ನೋಡಿದಳು. ಅಲ್ಲಿ ಒಂಚೂರು ತೇವ, ಅಷ್ಟೇ. ಬುಟ್ಟಿಯ ತಳ ನೋಡಿದಳು. ಒಂದು ಹನಿಯೂ ಇಲ್ಲ. ತಿರುಗಿ ನರಿಯನ್ನು ನೋಡಿದಳು.

"ಕೆಂಚಣ್ಣ," ಎಂದಳು. "ಅಷ್ಟು ದೊಡ್ಡ ಗಡ್ಡೆ ಕರಗಿದ್ರೆ, ನೀರು ಎಲ್ಲಿ ಹೋಯ್ತು?"

"ನೆಲ ಕುಡೀತು."

"ಹುಲ್ಲನ್ನ ನೆನೆಸದೆ ನೆಲಕ್ಕೆ ಹ್ಯಾಗೆ ಇಳೀತು?"

ಕೆಂಚಣ್ಣ ಗಂಟಿನ ಮೇಲೆ ಇನ್ನಷ್ಟು ಒತ್ತಿ ಕುಳಿತ. ಅಷ್ಟರಲ್ಲಿ ಮರದ ಮೇಲಿಂದ ಒಂದು ಮಂಗನ ಮರಿ ಕೂಗಿತು: "ಅಯ್ಯಯ್ಯೋ, ನೋಡ್ರೋ! ನರಿ ಮಾಮ ಕೂತಲ್ಲೇ ಉಚ್ಚೆ ಮಾಡ್ಕೊಂಡಿದಾನೆ!"

ಎಲ್ಲರೂ ತಿರುಗಿದರು. ನರಿಯ ಗಂಟಿನ ಕೆಳಗಿನಿಂದ ನೀರು ತೊಟ್ಟಿಕ್ಕಿ ಹರಿಯುತ್ತಿತ್ತು. ಕೆಂಚಣ್ಣನ ಮುಖ ಹುಳ್ಳಗಾಯಿತು. ಕಳ್ಳನೆನ್ನಿಸಿಕೊಳ್ಳಬೇಕೋ, ಉಚ್ಚೆಬುರುಕನೆನ್ನಿಸಿಕೊಳ್ಳಬೇಕೋ? ಒಂದು ಕ್ಷಣ ಯೋಚಿಸಿದ.

"ಹೌದು ಹೌದು," ಎಂದ ಹಲ್ಲು ಗಿಂಜುತ್ತಾ, "ನಿನ್ನೆಯಿಂದ ನನಗೆ ಸ್ವಲ್ಪ ಹುಷಾರಿಲ್ಲ."

"ಹಾಗಾದ್ರೆ ಎದ್ದು ಹೋಗಿ ಮರದ ಹಿಂದೆ ಕೂರು," ಎಂದಳು ಬೆಳ್ಳವ್ವ.

ಏಳಲು ನೋಡಿದ, ಆಗಲಿಲ್ಲ. ಅಷ್ಟು ಹೊತ್ತು ಆಲಿಕಲ್ಲಿನ ಮೇಲೆ ಕುಳಿತು ಅವನ ಕುಂಡೆ ಮರಗಟ್ಟಿಹೋಗಿತ್ತು. ಬೆಳ್ಳವ್ವ ಬಾಲ ಹಿಡಿದು ಅವನನ್ನು ಮೇಲಕ್ಕೆತ್ತಿದಳು. ಸೀಗಮ್ಮ ಗಂಟು ಬಿಚ್ಚಿದಳು. ತೆಂಗಿನಕಾಯಿಯಷ್ಟಿದ್ದ ಗಡ್ಡೆ ಈಗ ನಿಂಬೆಹಣ್ಣಿನಷ್ಟಾಗಿತ್ತು. ಉಳಿದದ್ದರಲ್ಲಿ ಸ್ವಲ್ಪ ನರಿಯ ಹೊಟ್ಟೆಗೆ, ಸ್ವಲ್ಪ ನೆಲಕ್ಕೆ.

ಸೀಗಮ್ಮ ಮಜ್ಜಿಗೆ ಹುಲ್ಲನ್ನು ಹಲ್ಲಿನಲ್ಲೇ ಜಜ್ಜಿ ಗಡಿಗೆಗೆ ಹಾಕಿದಳು. ಒಂದು ಚಿಪ್ಪಿನಷ್ಟು ಬಗ್ಗಿಸಿ, ಜೇನು ಬೆರೆಸಿ, ಆ ಪುಟ್ಟ ಗಡ್ಡೆಯನ್ನು ತೊಳೆದು ಬಿಟ್ಟಳು. ಸಾಕಾಗುತ್ತದೋ ಇಲ್ಲವೋ? ಮೊದಲ ಗುಟುಕು ಬೋರನ ಬಾಯಿಯ ಅಂಚಿನಿಂದ ಹೊರಗೆ ಹರಿಯಿತು. ಎರಡನೆಯದೂ ಹರಿಯಿತು. ಬೆಳ್ಳವ್ವ ಕಣ್ಣು ಮುಚ್ಚಿಕೊಂಡಳು. ಮೂರನೆಯ ಗುಟುಕಿಗೆ ಗಂಟಲು ಗುಟುಕ್ ಎಂದಿತು. ನಾಲ್ಕನೆಯದಕ್ಕೆ ಒಂದು ಕಿವಿ ಅಲ್ಲಾಡಿತು.

"ಇನ್ನೂ ಬೇಕು," ಎಂದ ಬೋರ.

ಬೆಳ್ಳವ್ವ ಸೀಗಮ್ಮನನ್ನು ಅಪ್ಪಿಕೊಳ್ಳಲು ಹೋಗಿ, ಮುಳ್ಳು ನೆನಪಾಗಿ, ಸೊಂಡಿಲಿನಿಂದ ಮೂಗನ್ನಷ್ಟೇ ಸವರಿದಳು. ಉಳಿದವರೆಲ್ಲ ಅವತ್ತು ಬೆಚ್ಚಗಿನ ಕಷಾಯವನ್ನೇ ಕುಡಿದರು. ಯಾರೂ ಗೊಣಗಲಿಲ್ಲ.

ಸಂಜೆ ಬಿಡಾರ ಎತ್ತಿದಾಗ ಗಡಿಗೆ, ಬುಟ್ಟಿ, ನೀರಿನ ಸೋರೆಬುರುಡೆಗಳೆಲ್ಲ ಕೆಂಚಣ್ಣನ ಬೆನ್ನೇರಿದವು. ಅವನ ಹಿಂದೆ, ಒಂದೇ ಗೇಣು ಅಂತರದಲ್ಲಿ, ಸೀಗಮ್ಮನನ್ನು ಹಿಂದುಮುಂದಾಗಿ ನಡೆಸಿದರು. ನರಿ ಸ್ವಲ್ಪ ನಿಧಾನ ಮಾಡಿದರೆ ಸಾಕು, ಅವಳ ಮುಳ್ಳು ಅವನ ಕುಂಡೆಗೆ ಚುಚ್ಚುತ್ತಿತ್ತು. ಹೊಳೆ ಮುಟ್ಟಿದ ಮೇಲೂ ಎರಡು ದಿನ ಕೆಂಚಣ್ಣ ನಿಂತುಕೊಂಡೇ ಊಟ ಮಾಡಿದ.

ನೀತಿ: ಕಳ್ಳನು ತನ್ನ ತಪ್ಪನ್ನು ಅಂಜುವವರ ತಲೆಗೆ ಕಟ್ಟಲು ನೋಡುತ್ತಾನೆ. ಆದ್ದರಿಂದ ಯಾರೋ ಹೇಳಿದರೆಂದು ತಪ್ಪು ಒಪ್ಪಿಕೊಳ್ಳುವ ಮೊದಲು, ನಡೆದದ್ದೇನೆಂದು ನೀವೇ ಮುಟ್ಟಿ ನೋಡಿ.